ಪೂಜೆ, ಬೆಲೆ ಮತ್ತು ಗೆಳೆತನ: ‘ತೀಸ್ರೀ ಕಸಮ್’ ಚಿತ್ರದ ಒಂದು ಓದು

1. ಪ್ರವೇಶ

ತಮ್ಮ ಕಾಲದ ಮಾರುಕಟ್ಟೆಯಲ್ಲಿ ಸೋತು ಮುಂದಿನ ತಲೆಮಾರುಗಳ ನೆನಪಿನಲ್ಲಿ ಗಟ್ಟಿಯಾಗಿ ನೆಲೆನಿಂತ ಹಿಂದಿ ಚಿತ್ರಗಳಲ್ಲಿ ‘ತೀಸ್ರೀ ಕಸಮ್’ಗೆ ವಿಶಿಷ್ಟವಾದ ಸ್ಥಾನವಿದೆ. ಬಾಸು ಭಟ್ಟಾಚಾರ್ಯ ನಿರ್ದೇಶಿಸಿದ, ಗೀತರಚನಕಾರ ಶೈಲೇಂದ್ರ ನಿರ್ಮಿಸಿದ ಈ ಚಿತ್ರ 1966ರಲ್ಲಿ ತೆರೆಕಂಡಿತು. ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪತಿಗಳ ಸುವರ್ಣಪದಕ ಇದಕ್ಕೆ ಸಂದಿತು. ಆದರೆ ಚಿತ್ರಮಂದಿರಗಳಲ್ಲಿ ಇದು ನಿಲ್ಲಲಿಲ್ಲ. ಸಾಲದ ಹೊರೆಯಿಂದ ಜರ್ಝರಿತರಾಗಿದ್ದ ಶೈಲೇಂದ್ರ ಅದೇ ವರ್ಷದ ಡಿಸೆಂಬರ್ 14ರಂದು ತೀರಿಕೊಂಡರು. ಅವರು ನಿರ್ಮಿಸಿದ ಏಕೈಕ ಚಿತ್ರವಿದು.

ಚಿತ್ರದ ಸುತ್ತ ಬೆಳೆದಿರುವ ಈ ದುರಂತಕಥೆ ಹಲವು ವೇಳೆ ಚಿತ್ರವನ್ನೇ ಮರೆಮಾಡಿಬಿಡುತ್ತದೆ. ಇದರ ಬಗೆಗಿನ ಬಹುಪಾಲು ಬರವಣಿಗೆ ಶೈಲೇಂದ್ರರ ಬಲಿದಾನ, ರಾಜ್ ಕಪೂರ್ ಅವರ ಸರಳ ಅಭಿನಯ, ಶಂಕರ್-ಜೈಕಿಶನ್ ಸಂಗೀತ ಇವುಗಳ ಪ್ರಶಂಸೆಯಲ್ಲಿ ಮುಗಿಯುತ್ತದೆ. ಕಥಾವಸ್ತುವಿನ ಮಾತು ಬಂದಾಗ, ಮುಗ್ಧನಾದ ಒಬ್ಬ ಹಳ್ಳಿಗನೂ ನಿಂದೆಗೆ ಗುರಿಯಾದ ಒಬ್ಬ ನರ್ತಕಿಯೂ ಪರಸ್ಪರ ಒಲಿದು ಸಮಾಜದ ಕ್ರೌರ್ಯದಿಂದ ಅಗಲುವ ಕಥೆ ಇದೆಂದು ಸಂಗ್ರಹಿಸಲಾಗುತ್ತದೆ. ಈ ಸಂಗ್ರಹ ತಪ್ಪೆನ್ನಲಾಗದು, ಆದರೆ ಅಪೂರ್ಣ. ಅಗಲಿಕೆಯ ಕಾರಣವನ್ನೆಲ್ಲ ಹೊರಗಿನ ಸಮಾಜದ ಮೇಲೆ ಹೊರಿಸಿದರೆ ಆ ಪ್ರೀತಿಯ ಒಳಗೇ ಇದ್ದ ಒಂದು ತೊಡಕು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಿರಾಮನ್ ಹೀರಾಬಾಯಿಯನ್ನು ಪ್ರೀತಿಸುತ್ತಾನೆ. ಆದರೆ ಅವಳನ್ನು ಅವಳಾಗಿ ಕಾಣುತ್ತಾನೆಯೇ? ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಚಿತ್ರವನ್ನೂ ಅದರ ಮೂಲವಾದ ಫಣೀಶ್ವರನಾಥ ರೇಣು ಅವರ ಕಥೆಯನ್ನೂ ಜೊತೆಜೊತೆಗೆ ಓದುವ ಪ್ರಯತ್ನವಾಗಿದೆ.

2. ಕಥೆಯಿಂದ ಚಿತ್ರಕ್ಕೆ

ಫಣೀಶ್ವರನಾಥ ರೇಣು (1921-1977) ಬಿಹಾರದ ಪೂರ್ಣಿಯಾ ಸೀಮೆಯವರು. 1954ರಲ್ಲಿ ಪ್ರಕಟವಾದ ಅವರ ‘ಮೈಲಾ ಆಂಚಲ್’ ಕಾದಂಬರಿಯಿಂದ ಹಿಂದಿಯಲ್ಲಿ ‘ಆಂಚಲಿಕ’ ಎಂಬ ಪ್ರಾದೇಶಿಕ ಕಥನದ ಪಂಥವೇ ಪ್ರಸಿದ್ಧಿಗೆ ಬಂತು. ಒಂದು ಸೀಮೆಯ ಮಾತು, ಹಾಡು, ಗಾದೆ, ಜಾತ್ರೆ, ದಾರಿ, ಹೊಳೆಗಳನ್ನು ಕಥೆಯ ಹಿನ್ನೆಲೆಯಾಗಿ ಬಳಸದೆ ಕಥೆಯ ಜೀವವಾಗಿಸುವುದು ಅವರ ಬರಹದ ಲಕ್ಷಣ. ‘ತೀಸ್ರೀ ಕಸಮ್, ಅರ್ಥಾತ್ ಮಾರೇ ಗಯೇ ಗುಲ್ಫಾಮ್’ ಎಂಬ ಅವರ ನೀಳ್ಗತೆ ಈ ಲಕ್ಷಣಕ್ಕೆ ಅತ್ಯುತ್ತಮ ನಿದರ್ಶನ. ಚಿತ್ರಕ್ಕೆ ನಬೇಂದು ಘೋಷ್ ಚಿತ್ರಕಥೆ ರಚಿಸಿದರು. ಸಂಭಾಷಣೆಯನ್ನು ರೇಣು ಅವರೇ ಬರೆದರು. ಈ ಕಾರಣದಿಂದ ಮೂಲದ ನುಡಿಯ ನಾದ ಚಿತ್ರದಲ್ಲಿ ಬಹುಮಟ್ಟಿಗೆ ಉಳಿದುಕೊಂಡಿದೆ. ನಾಚಿಕೆಯಾದಾಗಲೆಲ್ಲ ಹಿರಾಮನ್ ಬಾಯಿಂದ ಹೊರಡುವ ‘ಇಸ್ಸ್’ ಎಂಬ ಉದ್ಗಾರ ರೇಣು ಅವರ ಪುಟದಿಂದಲೇ ಎದ್ದುಬಂದದ್ದು. ಮನಸ್ಸಿನಲ್ಲಿರುವುದನ್ನು ಮಾತಿಗೆ ತರಲಾರದವನ ಇಡೀ ವ್ಯಾಕರಣ ಆ ಒಂದು ಸದ್ದಿನಲ್ಲಿದೆ.

ಕಥೆಯ ಚೌಕಟ್ಟು ಸರಳವಾಗಿದೆ. ಹಿರಾಮನ್ ಎತ್ತಿನ ಗಾಡಿ ಹೊಡೆದು ಬದುಕುವವನು. ಕಳ್ಳಸಾಗಣೆಯ ಸರಕು ಹೇರಿ ಪೊಲೀಸರ ಕೈಗೆ ಸಿಕ್ಕು, ಗಾಡಿಯನ್ನು ಬಿಟ್ಟು ಎತ್ತುಗಳೊಡನೆ ಕತ್ತಲಲ್ಲಿ ಓಡಿ ಪಾರಾದ ಮೇಲೆ, ಇನ್ನು ಮುಂದೆ ಕಳ್ಳಮಾಲು ಹೇರುವುದಿಲ್ಲವೆಂದು ಮೊದಲನೆಯ ಆಣೆ ಇಡುತ್ತಾನೆ. ಗಾಡಿಯ ಹಿಂದೆ ಮುಂದೆ ಚಾಚಿಕೊಂಡ ಬಿದಿರಿನಿಂದ ಫಜೀತಿಗೆ ಸಿಕ್ಕಿ, ಬಿದಿರು ಹೇರುವುದಿಲ್ಲವೆಂದು ಎರಡನೆಯ ಆಣೆ. ಅನಂತರ ಒಂದು ರಾತ್ರಿ ಫಾರ್ಬಿಸ್‌ಗಂಜ್ ಜಾತ್ರೆಗೆ ಹೊರಟ ನೌಟಂಕಿ ಕಂಪನಿಯ ನಟಿ ಹೀರಾಬಾಯಿ ಅವನ ಕಮಾನು ಗಾಡಿ ಏರುತ್ತಾಳೆ. ದಾರಿಯುದ್ದದ ಮಾತು, ಹಾಡು, ಕಥೆಗಳಲ್ಲಿ ಇಬ್ಬರ ನಡುವೆ ಹೆಸರಿಲ್ಲದ ಒಂದು ನಂಟು ಬೆಳೆಯುತ್ತದೆ. ಜಾತ್ರೆಯಲ್ಲಿ ಆ ನಂಟಿಗೆ ಪೆಟ್ಟು ಬೀಳುತ್ತದೆ. ಹೀರಾಬಾಯಿ ರೈಲು ಹತ್ತಿ ಹೊರಟುಹೋಗುತ್ತಾಳೆ. ಕಂಪನಿಯ ಹೆಂಗಸನ್ನು ಗಾಡಿಯಲ್ಲಿ ಕೂರಿಸುವುದಿಲ್ಲವೆಂಬುದು ಹಿರಾಮನ್ನನ ಮೂರನೆಯ ಆಣೆ.

ಇಲ್ಲಿ ಬರುವ ‘ಕಂಪನಿ’ ಎಂಬ ಮಾತು ಕನ್ನಡ ಓದುಗರಿಗೆ ವಿವರಣೆ ಬೇಡುವುದಿಲ್ಲ. ನಮ್ಮ ವೃತ್ತಿರಂಗಭೂಮಿಯೂ ಕಂಪನಿ ನಾಟಕವೆಂದೇ ಕರೆಸಿಕೊಂಡು, ಜಾತ್ರೆಯಿಂದ ಜಾತ್ರೆಗೆ ಡೇರೆ ಕಟ್ಟುತ್ತ ಬೆಳೆಯಿತು. ರಂಗದ ಮೇಲೆ ರಾಣಿಯಾದವಳನ್ನು ರಂಗದಿಂದಿಳಿದೊಡನೆ ಬೇರೊಂದು ಕಣ್ಣಿನಿಂದ ನೋಡುವ ಅಭ್ಯಾಸ ಗಂಗಾತೀರದ ಬಯಲಿಗೆ ಮಾತ್ರ ಸೀಮಿತವಾದುದಲ್ಲ ಎಂಬುದನ್ನು ನಮ್ಮ ವೃತ್ತಿರಂಗದ ಚರಿತ್ರೆಯನ್ನು ಬಲ್ಲವರು ಒಪ್ಪುತ್ತಾರೆ. ಹೀರಾಬಾಯಿಯ ಕಥೆ ನಮಗೆ ದೂರದ್ದಾಗಿ ತೋರದಿರುವುದಕ್ಕೆ ಇದೂ ಒಂದು ಕಾರಣ.

3. ದಾರಿ ಎಂಬ ಅವಕಾಶ

ಚಿತ್ರದ ಅತ್ಯಂತ ಸುಂದರ ಭಾಗ ಅದರ ಪ್ರಯಾಣ. ಛಾಯಾಗ್ರಾಹಕ ಸುಬ್ರತ ಮಿತ್ರ ಅವರು 1955ರ ‘ಪಥೇರ್ ಪಾಂಚಾಲಿ’ಯಿಂದ ಸತ್ಯಜಿತ್ ರಾಯ್ ಅವರೊಡನೆ ದುಡಿದವರು, ಸಹಜ ಬೆಳಕಿನ ಸೂಕ್ಷ್ಮಗಳನ್ನು ಕಪ್ಪು-ಬಿಳುಪಿನಲ್ಲಿ ಹಿಡಿಯುವುದರಲ್ಲಿ ಸಿದ್ಧಹಸ್ತರು. ಹಿಂದಿ ಚಿತ್ರರಂಗವು ವರ್ಣಚಿತ್ರಗಳ ಕಡೆಗೆ ವೇಗವಾಗಿ ವಾಲುತ್ತಿದ್ದ ಕಾಲವದು. ರಾಜ್ ಕಪೂರ್ ಅವರೇ 1964ರಲ್ಲಿ ‘ಸಂಗಮ್’ ಚಿತ್ರವನ್ನು ವರ್ಣದಲ್ಲಿ, ಯುರೋಪಿನ ದೃಶ್ಯಗಳೊಂದಿಗೆ ನಿರ್ಮಿಸಿದ್ದರು. ಅಂಥ ಹೊತ್ತಿನಲ್ಲಿ ‘ತೀಸ್ರೀ ಕಸಮ್’ ಧೂಳಿನ ದಾರಿ, ಮರದ ನೆರಳು, ಹೊಳೆಯ ದಂಡೆಗಳನ್ನು ಕಪ್ಪು-ಬಿಳುಪಿನಲ್ಲಿ ಕಾಣಿಸಿತು. ಚಿತ್ರದ ಲಯವನ್ನು ನಿರ್ಣಯಿಸುವುದು ಎತ್ತಿನ ಹೆಜ್ಜೆ. ಪ್ರೇಕ್ಷಕನಿಗೆ ಆತುರವಿದ್ದರೆ ಈ ಚಿತ್ರ ದಕ್ಕುವುದಿಲ್ಲ.

ಈ ನಿಧಾನಕ್ಕೆ ಕಥನದ ಅಗತ್ಯವೂ ಇದೆ. ಹೀರಾಬಾಯಿ ಹೊರಟುಬಂದ ಊರಿನಲ್ಲಿ ಅವಳೊಬ್ಬ ಕಂಪನಿಯ ಹೆಂಗಸು. ಸೇರಲಿರುವ ಜಾತ್ರೆಯಲ್ಲಿಯೂ ಅವಳು ಅದೇ. ಎರಡು ಊರುಗಳ ನಡುವಿನ ದಾರಿಯಲ್ಲಿ ಮಾತ್ರ ಅವಳಿಗೆ ಆ ಹೆಸರಿನಿಂದ ಬಿಡುವು ದೊರೆಯುತ್ತದೆ. ಗಾಡಿಯ ಪರದೆ ಅವಳನ್ನು ಲೋಕದಿಂದ ಮುಚ್ಚುತ್ತದೆ. ಆ ಮರೆಯೇ ಅವಳಿಗೆ ಸ್ವಾತಂತ್ರ್ಯವಾಗುವುದು ಇಲ್ಲಿಯ ವಿಪರ್ಯಾಸ. ದಾರಿಹೋಕರು ಗಾಡಿಯಲ್ಲಿ ಯಾರೆಂದು ಕೇಳಿದಾಗ ಹಿರಾಮನ್ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟು ಸಾಗಹಾಕುತ್ತಾನೆ. ಹಳ್ಳಿಯ ಮಕ್ಕಳು ಮದುಮಗಳ ಗಾಡಿಯೆಂದು ಭಾವಿಸಿ ಹಾಡುತ್ತ ಬೆನ್ನಟ್ಟಿದಾಗ ಅವನು ತಿದ್ದುವುದಿಲ್ಲ. ಆ ಸುಳ್ಳನ್ನು ಕೇಳುವ ಹೀರಾಬಾಯಿಯ ಮುಖದಲ್ಲಿ ಸಂತೋಷವೂ ಸಂಕಟವೂ ಒಟ್ಟಿಗೆ ಸುಳಿಯುತ್ತವೆ. ವಹೀದಾ ರೆಹಮಾನ್ ಅವರ ಅಭಿನಯದ ಹೆಚ್ಚುಗಾರಿಕೆ ಇರುವುದು ಇಲ್ಲಿ: ತಾನು ಕೇಳುತ್ತಿರುವುದು ಸುಳ್ಳೆಂದು ಅವಳಿಗೆ ಗೊತ್ತು, ಆ ಸುಳ್ಳು ತನಗೆ ಬೇಕೆಂದೂ ಗೊತ್ತು.

ಈ ದಾರಿಯಲ್ಲಿ ಹಿರಾಮನ್ ಅವಳಿಗೆ ಮನಸ್ಸಿನಲ್ಲಿ ಕೊಡುವ ಹೆಸರುಗಳು ಹಲವು. ಬೆಳದಿಂಗಳಲ್ಲಿ ಮೊದಲ ಬಾರಿಗೆ ಮುಖ ಕಂಡಾಗ ಅವಳು ಅವನಿಗೆ ಅಪ್ಸರೆ. ಮಾತು ಕೇಳುತ್ತ ಹೋದಂತೆ ದೇವಿ. ಆದರೆ ಅವಳೇ ಅವನಿಗೆ ಕೊಡುವ ಹೆಸರು ಒಂದೇ: ‘ಮೀತಾ’. ಇಬ್ಬರ ಹೆಸರಿನಲ್ಲಿಯೂ ‘ಹೀರಾ’ ಇರುವುದರಿಂದ ತಾವು ಗೆಳೆಯರು ಎಂಬುದು ಅವಳ ತರ್ಕ. ಒಂದೇ ಹೆಸರಿನವರು ಪರಸ್ಪರ ಗೆಳೆಯರೆಂದು ಕರೆದುಕೊಳ್ಳುವ ಆ ಸೀಮೆಯ ರೂಢಿಯನ್ನು ರೇಣು ಇಲ್ಲಿ ಅತ್ಯಂತ ಅರ್ಥಪೂರ್ಣವಾಗಿ ಬಳಸಿದ್ದಾರೆ. ಅಪ್ಸರೆ ಮತ್ತು ದೇವಿ ಎಂಬ ಹೆಸರುಗಳು ಅವಳನ್ನು ಮೇಲೇರಿಸುತ್ತವೆ. ‘ಮೀತಾ’ ಇಬ್ಬರನ್ನೂ ಒಂದೇ ನೆಲದ ಮೇಲೆ ನಿಲ್ಲಿಸುತ್ತದೆ. ಇಡೀ ಕಥೆಯಲ್ಲಿ ಸಮಾನತೆಯ ಸಂಬಂಧವನ್ನು ಸೂಚಿಸುವ ಹೆಸರು ಇದೊಂದೇ, ಮತ್ತು ಅದು ಬರುವುದು ಹೆಣ್ಣಿನ ಬಾಯಿಂದ ಎಂಬುದು ಗಮನಾರ್ಹ.

4. ‘ಕುಮಾರಿ’ ಎಂಬ ಪದದ ಎರಡು ಮುಖ

ಚಿತ್ರದಲ್ಲಿ ಹೊಳೆಯ ದಂಡೆಯ ಒಂದು ಪ್ರಸಂಗವಿದೆ. ಹೀರಾಬಾಯಿ ಸ್ನಾನಕ್ಕೆ ಹೊರಟಾಗ ಹಿರಾಮನ್ ತಡೆಯುತ್ತಾನೆ. ಕನ್ಯೆಯರು ಆ ಘಟ್ಟದಲ್ಲಿ ಮೀಯುವುದಿಲ್ಲ ಎನ್ನುತ್ತಾನೆ. ಅವನ ಮಟ್ಟಿಗೆ ಇದು ಕೇವಲ ಊರಿನ ನಂಬಿಕೆಯನ್ನು ತಿಳಿಸುವ ಮಾತು. ಆದರೆ ಕೇಳಿದವಳ ಪಾಲಿಗೆ ಅದು ಬೇರೆಯೇ ಆಗುತ್ತದೆ. ಬದುಕಿನಲ್ಲಿ ಯಾರೂ ತನ್ನನ್ನು ಆ ಸಾಲಿನಲ್ಲಿ ಎಣಿಸಿರಲಿಲ್ಲ ಎಂಬ ಬೆರಗು ಅವಳ ಮೌನದಲ್ಲಿದೆ. ಕೇಳದೆ ದೊರೆತ ಈ ಗೌರವ ಅವಳನ್ನು ಕರಗಿಸುತ್ತದೆ. ಚಿತ್ರವನ್ನು ಮೆಚ್ಚಿದವರೆಲ್ಲರೂ ಈ ಪ್ರಸಂಗವನ್ನು ಹಿರಾಮನ್ನನ ನಿಷ್ಕಲ್ಮಷ ಮನಸ್ಸಿನ ಸಾಕ್ಷಿಯಾಗಿ ಉದ್ಧರಿಸುವುದು ಸಹಜವೇ ಆಗಿದೆ.

ಆದರೆ ರೇಣು ಅವರ ಕಥೆಯಲ್ಲಿ ಇದೇ ಪದ ಇನ್ನೊಂದು ಕಡೆ ಬರುತ್ತದೆ. ಹಿರಾಮನ್ ನಲವತ್ತರ ಆಸುಪಾಸಿನವನು. ಬಾಲ್ಯದಲ್ಲಿ ಮದುವೆಯಾಗಿ, ಹೆಂಡತಿ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದಾಳೆ. ಮನೆಯಲ್ಲಿ ಅತ್ತಿಗೆಯ ಮಾತೇ ಕೊನೆಯ ಮಾತು. ಮೈದುನನಿಗೆ ಮತ್ತೆ ಮದುವೆಯಾದರೆ ‘ಕುಮಾರಿ’ಯೊಡನೆಯೇ ಆಗಬೇಕೆಂಬುದು ಅವಳ ಹಠ. ಅಲ್ಲಿ ‘ಕುಮಾರಿ’ ಎಂದರೆ ಐದರಿಂದ ಏಳು ವರ್ಷದ ಹುಡುಗಿ ಎಂದು ರೇಣು ಯಾವ ಅಬ್ಬರವೂ ಇಲ್ಲದೆ ವಿವರಿಸಿ, ಶಾರದಾ ಕಾನೂನನ್ನು ಅಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ ಎಂದು ಸೂಚಿಸುತ್ತಾರೆ. ಬಾಲ್ಯವಿವಾಹವನ್ನು ತಡೆಯಲು ಆ ಕಾನೂನು ಬಂದದ್ದು 1929ರಲ್ಲಿ. ಹಾಸ್ಯದ ಧಾಟಿಯಲ್ಲಿ ಹಾದುಹೋಗುವ ಈ ಸಾಲುಗಳು ಕಥೆಯ ಮುಖ್ಯ ನೈತಿಕ ಗಂಟುಗಳಲ್ಲೊಂದನ್ನು ಮುಟ್ಟುತ್ತವೆ.

ಮನೆಯಲ್ಲಿ ‘ಕುಮಾರಿ’ ಎಂಬ ಪದ ಹೆಣ್ಣಿನ ಅರ್ಹತೆಯನ್ನು ಅಳೆಯುವ ಮಾಪನ. ಹೊಳೆಯ ದಂಡೆಯಲ್ಲಿ ಅದೇ ಪದ ಪ್ರೀತಿಯ ಕಾಣಿಕೆ. ಹಿರಾಮನ್ ಹೀರಾಬಾಯಿಗೆ ಕೊಟ್ಟ ಗೌರವ ಆ ಮಾಪನವನ್ನು ಮೀರಿದುದಲ್ಲ. ಅವಳನ್ನು ಅದರೊಳಗೆ ಸೇರಿಸಿಕೊಂಡದ್ದು. ಅವಳು ಪವಿತ್ರಳು, ಆದ್ದರಿಂದ ಪೂಜ್ಯಳು ಎಂಬುದು ಅವನ ಭಾವನೆ. ಹಾಗಿದ್ದರೆ ಆ ಪಾವಿತ್ರ್ಯದ ಕಲ್ಪನೆ ಒಡೆದ ದಿನ ಗೌರವದ ಗತಿಯೇನು? ಹಿರಾಮನ್‌ಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಹೀರಾಬಾಯಿಗೆ ಮೊದಲ ದಿನದಿಂದಲೇ ಅದು ಗೊತ್ತು.

ಇದೇ ಅಂಶವನ್ನು ರೇಣು ಪಲಟದಾಸ ಎಂಬ ಗಾಡಿಕಾರನ ಪ್ರಸಂಗದ ಮೂಲಕ ಇನ್ನಷ್ಟು ಸ್ಪಷ್ಟಗೊಳಿಸುತ್ತಾರೆ. ಭಜನೆಯ ಗುಂಗಿನ ಆ ಭಕ್ತನಿಗೆ ಗಾಡಿಯಲ್ಲಿ ಒರಗಿದ ಹೀರಾಬಾಯಿ ಸಾಕ್ಷಾತ್ ಸೀತಾಮಾತೆಯಾಗಿ ತೋರುತ್ತಾಳೆ. ಪರವಶನಾಗಿ ಅವನು ಪಾದಸೇವೆಗೆ ಕೈನೀಡಿದಾಗ ಅವಳು ಸಿಡಿದು ಅವನನ್ನು ಓಡಿಸುತ್ತಾಳೆ. ಓದುಗ ನಗುತ್ತಾನೆ. ಆದರೆ ಅಪ್ಪಣೆಯಿಲ್ಲದೆ ಮೈಮುಟ್ಟುವ ಭಕ್ತನಿಗೂ ಅಪ್ಪಣೆಯಿಲ್ಲದೆ ಮೈಮುಟ್ಟುವ ಕಾಮಿಗೂ, ಮುಟ್ಟಿಸಿಕೊಂಡವಳ ದೃಷ್ಟಿಯಿಂದ, ಇರುವ ಅಂತರ ಎಷ್ಟು ತೆಳುವಾದುದು ಎಂಬುದು ಆ ನಗೆಯ ಹಿಂದಿರುವ ವಿಚಾರ.

5. ಜಾತ್ರೆ: ಬೆಲೆಯ ಲೋಕ

ಜಾತ್ರೆ ತಲುಪಿದೊಡನೆ ಚಿತ್ರದ ಆವರಣ ಬದಲಾಗುತ್ತದೆ. ಬಯಲಿನ ವಿಸ್ತಾರ ಹೋಗಿ ಡೇರೆ, ದೀಪ, ಗುಂಪು ಬರುತ್ತವೆ. ಇದುವರೆಗೆ ಹಿರಾಮನ್ ಹಾಡುತ್ತಿದ್ದ, ಅವಳು ಕೇಳುತ್ತಿದ್ದಳು. ಈಗ ಅವಳು ಕುಣಿಯುತ್ತಾಳೆ, ಗುಂಪು ನೋಡುತ್ತದೆ. ಉಚಿತ ಪಾಸು ಪಡೆದು ಗೆಳೆಯರೊಡನೆ ಆಟ ನೋಡಲು ಕುಳಿತ ಹಿರಾಮನ್, ಪಕ್ಕದವರು ಹೀರಾಬಾಯಿಯ ಬಗ್ಗೆ ಹೀನವಾಗಿ ಆಡಿದ ಮಾತಿಗೆ ಕೆರಳಿ ಹೊಡೆದಾಟಕ್ಕಿಳಿಯುತ್ತಾನೆ. ಅವನ ಸಿಟ್ಟು ನಿಜವಾದುದು. ಆದರೆ ಅದರ ಪರಿಣಾಮ ಅವಳ ದುಡಿಮೆಯ ಮೇಲೆ ಏನಾಗುತ್ತದೆಂಬ ಯೋಚನೆ ಅವನಿಗಿಲ್ಲ. ನೌಟಂಕಿಯನ್ನು ಬಿಟ್ಟುಬಿಡು ಎಂದು ಅವನು ಕೇಳಿಕೊಳ್ಳುವುದರಲ್ಲಿಯೂ ಇದೇ ಮರೆವಿದೆ. ಅವಳ ಕುಣಿತ ಅವನ ಪಾಲಿಗೆ ಅವಳಿಗೆ ಅಂಟಿದ ಕೊಳೆ. ಅದು ಅವಳು ಕಲಿತ ವಿದ್ಯೆ, ಅವಳ ಅನ್ನ, ಅವಳ ಹೆಮ್ಮೆ ಎಂಬುದು ಅವನ ತಿಳಿವಿಗೆ ನಿಲುಕುವುದಿಲ್ಲ.

ಒಂದು ವರ್ಷ ಮುಂಚೆ, 1965ರಲ್ಲಿ, ವಹೀದಾ ರೆಹಮಾನ್ ‘ಗೈಡ್’ ಚಿತ್ರದಲ್ಲಿ ರೋಸಿಯ ಪಾತ್ರ ವಹಿಸಿದ್ದರು. ಮೈಸೂರಿನ ಆರ್. ಕೆ. ನಾರಾಯಣ್ ಅವರ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿಯೂ ನರ್ತಕಿಯ ಹುಟ್ಟು, ಕಸುಬು, ಮರ್ಯಾದೆಗಳೇ ಪ್ರಶ್ನೆ. ರೋಸಿಗೆ ನೃತ್ಯ ಬಿಡುಗಡೆಯ ದಾರಿ; ನಗರದ ಸಭಾಂಗಣಗಳು ಅವಳನ್ನು ಕಲಾವಿದೆಯೆಂದು ಒಪ್ಪುತ್ತವೆ. ಹೀರಾಬಾಯಿಗೆ ಆ ಸಭಾಂಗಣವಿಲ್ಲ. ಅವಳದು ಜಾತ್ರೆಯ ಹಲಗೆ. ಕಲೆ ಎಂಬ ಮಾನ್ಯತೆ ಯಾವ ರಂಗಕ್ಕೆ ದೊರೆಯುತ್ತದೆ, ಯಾವುದಕ್ಕೆ ದೊರೆಯುವುದಿಲ್ಲ ಎಂಬ ವರ್ಗಭೇದವನ್ನು ಒಬ್ಬಳೇ ನಟಿಯ ಈ ಎರಡು ಪಾತ್ರಗಳು ಎದುರುಬದುರಾಗಿ ತೋರಿಸಿಕೊಡುತ್ತವೆ.

ಬೆಲೆಯ ಲೋಕದ ಪ್ರತಿನಿಧಿಯಾಗಿ ಚಿತ್ರದಲ್ಲಿ ಜಮೀನ್ದಾರನೊಬ್ಬ ಬರುತ್ತಾನೆ. ಇಫ್ತಿಕಾರ್ ಆ ಪಾತ್ರವನ್ನು ವಹಿಸಿದ್ದಾರೆ. ಹಣ ಕೊಟ್ಟರೆ ದೊರೆಯಬೇಕಾದ ವಸ್ತುವನ್ನಾಗಿ ಅವನು ಹೀರಾಬಾಯಿಯನ್ನು ನೋಡುತ್ತಾನೆ. ನಿರಾಕರಿಸಿದಾಗ ಬಲ ತೋರುತ್ತಾನೆ. ಮೂಲಕಥೆಯಲ್ಲಿ ಈ ಪಾತ್ರಕ್ಕೆ ಇಂಥ ಸ್ಥಾನವಿಲ್ಲ. ಈ ಸೇರ್ಪಡೆಯಿಂದ ಚಿತ್ರಕ್ಕೆ ನಾಟಕೀಯ ಬಿಗಿ ಬಂದಿರುವುದು ನಿಜ. ಆದರೆ ಒಂದು ನಷ್ಟವೂ ಆಗಿದೆ. ಖಳನಾಯಕನೊಬ್ಬ ದೊರೆತೊಡನೆ ಅಗಲಿಕೆಯ ಹೊಣೆಯೆಲ್ಲ ಅವನ ಮೇಲೆ ಜಾರುತ್ತದೆ. ಪ್ರೇಕ್ಷಕ ಹಿರಾಮನ್ನನ ಪ್ರೀತಿಯನ್ನು ಪ್ರಶ್ನಿಸದೆ ಮನೆಗೆ ಹೋಗಬಹುದು. ರೇಣು ಅವರ ಕಥೆಯಲ್ಲಿ ಅಂಥ ಅನುಕೂಲವಿಲ್ಲ. ಅಲ್ಲಿ ಹೀರಾಬಾಯಿ ತನ್ನ ಹಳೆಯ ಕಂಪನಿಗೆ ಮರಳಿಹೋಗುತ್ತಾಳೆ, ಅಷ್ಟೆ. ಖಳನಿಲ್ಲದ ಆ ಅಗಲಿಕೆ ಹೆಚ್ಚು ನಿಷ್ಠುರವಾದುದು, ಹಾಗಾಗಿ ಹೆಚ್ಚು ಸತ್ಯವಾದುದು ಎಂದು ಈ ಲೇಖಕನ ಅಭಿಪ್ರಾಯ.

6. ಹೀರಾಬಾಯಿಯ ನಿರ್ಧಾರ

ಆದರೆ ಚಿತ್ರವು ಇನ್ನೊಂದು ಕಡೆ ಕಥೆಗಿಂತ ಮುಂದೆ ಹೋಗಿದೆ. ರೇಣು ಅವರ ಕಥೆ ಬಹುತೇಕ ಹಿರಾಮನ್ನನ ಪ್ರಜ್ಞೆಯೊಳಗಿನಿಂದಲೇ ನಡೆಯುತ್ತದೆ. ಕಥೆ ಆರಂಭವಾಗುವುದೇ ಅವನ ಬೆನ್ನಿನಲ್ಲಿ ಏಳುವ ಕಚಗುಳಿಯಿಂದ. ಗಾಡಿಯೊಳಗಿಂದ ತೇಲಿಬರುವ ಸಂಪಿಗೆಯ ಕಂಪು, ಎತ್ತಿಗೆ ಹೊಡೆಯಬೇಡವೆನ್ನುವ ಕಾಣದ ಹೆಣ್ಣಿನ ದನಿ ಇವೆಲ್ಲ ಅವನ ಇಂದ್ರಿಯಗಳಿಗೆ ಒದಗಿದ ಅನುಭವಗಳು. ಹೀರಾಬಾಯಿಯ ಅಂತರಂಗ ನಮಗೆ ದೊರೆಯುವುದು ಬಿಡಿಬಿಡಿಯಾಗಿ, ಅವನು ಕಂಡಷ್ಟು ಮಾತ್ರ. ಬೆನ್ನಿನ ಕಚಗುಳಿಯನ್ನೂ ಸಂಪಿಗೆಯ ಕಂಪನ್ನೂ ಕ್ಯಾಮರಾ ತೋರಿಸಲಾರದು. ಈ ಮಿತಿಯನ್ನು ಚಿತ್ರ ತನ್ನ ಬಲವನ್ನಾಗಿ ಮಾಡಿಕೊಂಡಿದೆ: ಗಾಡಿ ಹೊಡೆಯುವವನ ಬೆನ್ನ ಹಿಂದೆ ಕುಳಿತವಳ ಮುಖವನ್ನು ಅದು ನಮಗೆ ತೋರಿಸುತ್ತದೆ. ಹಿರಾಮನ್ ನೋಡಲಾಗದ್ದನ್ನು ನಾವು ನೋಡುತ್ತೇವೆ.

ಹಾಗೆ ನೋಡಿದಾಗ ಹೀರಾಬಾಯಿಯ ನಿರ್ಗಮನವನ್ನು ಕೇವಲ ತ್ಯಾಗವೆಂದು ಕರೆಯುವುದು ಸಾಲದೆನ್ನಿಸುತ್ತದೆ. ಹಿರಾಮನ್ನನ ಮನೆಗೆ ಹೋಗುವುದೆಂದರೆ ಬದುಕಿನುದ್ದಕ್ಕೂ ಅವನ ಕಲ್ಪನೆಯ ದೇವಿಯಾಗಿ ನಟಿಸುವುದು. ರಂಗದ ಮೇಲಿನ ನಟನೆಗೆ ರಾತ್ರಿ ಮುಗಿದ ಮೇಲೆ ತೆರೆ ಬೀಳುತ್ತದೆ. ಈ ನಟನೆಗೆ ತೆರೆಯೇ ಇಲ್ಲ. ವೇಷವೇ ಕಸುಬಾದ ಹೆಣ್ಣು, ತನ್ನನ್ನು ನಂಬಿದ ಒಬ್ಬನೆದುರು ವೇಷ ಹಾಕಲು ಒಪ್ಪದಿರುವುದು ಅವಳ ಪ್ರಾಮಾಣಿಕತೆಯ ಪರಾಕಾಷ್ಠೆ. ಜಮೀನ್ದಾರನ ಬೆಲೆಯನ್ನು ಅವಳು ನಿರಾಕರಿಸುವುದನ್ನು ಎಲ್ಲರೂ ಕಾಣುತ್ತಾರೆ. ಹಿರಾಮನ್ನನ ಪೂಜೆಯನ್ನೂ ಅವಳು ನಿರಾಕರಿಸುತ್ತಾಳೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಬೆಲೆ ಮತ್ತು ಪೂಜೆ ಮೇಲ್ನೋಟಕ್ಕೆ ವಿರುದ್ಧ ಧ್ರುವಗಳು. ಆದರೆ ದುಡಿಯುವ, ದಣಿಯುವ, ಬಯಸುವ ಒಬ್ಬ ಹೆಣ್ಣಿಗೆ ಎರಡರಲ್ಲಿಯೂ ಜಾಗವಿಲ್ಲ.

ಮಹುವಾ ಘಟವಾರಿನ್‌ಳ ಜಾನಪದ ಕಥೆ ಈ ಅರ್ಥಕ್ಕೆ ಕೀಲಿಕೈಯಂತಿದೆ. ಮಲತಾಯಿಯಿಂದ ವ್ಯಾಪಾರಿಗೆ ಮಾರಾಟವಾದ ಅಂಬಿಗರ ಹುಡುಗಿ ಮಹುವಾ. ಹಿರಾಮನ್ ದಾರಿಯಲ್ಲಿ ಈ ಕಥೆಯನ್ನು ಹೀರಾಬಾಯಿಗೆ ಹಾಡಿ ಹೇಳುತ್ತಾನೆ. ರೇಣು ಅವರ ಪಠ್ಯದಲ್ಲಿ ದೋಣಿಯಿಂದ ಹೊಳೆಗೆ ಹಾರುವ ಮಹುವಾಳ ಹಿಂದೆಯೇ, ಅವಳಿಗೆ ಮನಸೋತ ವ್ಯಾಪಾರಿಯ ಆಳೂ ಹಾರುತ್ತಾನೆ. ತಾನು ಹಿಡಿಯಲು ಬಂದವನಲ್ಲ, ಜೊತೆಗಾರನೆಂದು ಕೂಗುತ್ತ ಈಜುತ್ತಾನೆ. ಹಾಡುವ ಹಿರಾಮನ್‌ಗೆ ತಾನೇ ಆ ಆಳೆಂಬ ಭಾವನೆ. ಆದರೆ ಓಡುತ್ತಿರುವವಳಿಗೆ ಬೆನ್ನ ಹಿಂದಿನ ದನಿ ಕೊಂಡವನದೋ ಗೆಳೆಯನದೋ ಎಂದು ತಿರುಗಿ ನೋಡುವ ವ್ಯವಧಾನವೆಲ್ಲಿದೆ? ರೈಲು ನಿಲ್ದಾಣದಲ್ಲಿ ಬೀಳ್ಕೊಳ್ಳುವಾಗ, ಮಹುವಾಳನ್ನು ವ್ಯಾಪಾರಿ ಆಗಲೇ ಕೊಂಡುಬಿಟ್ಟಿದ್ದಾನಲ್ಲ ಎಂಬರ್ಥದ ಮಾತನ್ನು ಹೀರಾಬಾಯಿ ಆಡುತ್ತಾಳೆ. ಹಿರಾಮನ್ ಕಲಿಸಿದ ಕಥೆಯನ್ನೇ ಅವನಿಗೆ ಉತ್ತರವಾಗಿ ಮರಳಿಸುತ್ತಾಳೆ. ಅವನು ಕಾಪಿಡಲು ಕೊಟ್ಟಿದ್ದ ಹಣವನ್ನೂ ಆಗಲೇ ಹಿಂತಿರುಗಿಸುತ್ತಾಳೆ. ನಂಬಿಕೆಯಿಂದ ಇಟ್ಟ ಹಣ ಮರಳಿ ಬಂದಾಗ ಹಿರಾಮನ್ನನ ಪಾಲಿಗೆ ಅದು ಬರಿಯ ಹಣವಾಗಿ ಉಳಿಯುವುದು ಆ ದೃಶ್ಯದ ನೋವು.

ರಾಜ್ ಕಪೂರ್ ಅವರ ಅಭಿನಯದ ಬಗೆಗೆ ಇಲ್ಲಿ ಒಂದು ಮಾತು ಅವಶ್ಯ. ‘ಆವಾರಾ’ (1951), ‘ಶ್ರೀ 420’ (1955) ಚಿತ್ರಗಳಲ್ಲಿ ಅವರು ರೂಪಿಸಿಕೊಂಡಿದ್ದ ಮುಗ್ಧ ಅಲೆಮಾರಿಯ ವ್ಯಕ್ತಿತ್ವಕ್ಕೆ ಪ್ರೇಕ್ಷಕರ ಕರುಣೆಯನ್ನು ಕೇಳಿ ಪಡೆಯುವ ಜಾಣತನವಿತ್ತು. ಹಿರಾಮನ್ನನಲ್ಲಿ ಅದು ಬಹಳಷ್ಟು ಕರಗಿದೆ. ಕ್ಯಾಮರಾದ ಕಡೆಗೆ ಬೆನ್ನು ಮಾಡಿ, ಎತ್ತುಗಳೊಡನೆ ಮಾತಾಡುತ್ತ, ನೆಲ ನೋಡಿ ನಗುವ ಈ ಗಾಡಿಕಾರನಿಗೆ ತನ್ನ ಮುಗ್ಧತೆ ತಿಳಿದಿಲ್ಲ. ಹಾಗಾಗಿಯೇ ಆ ಮುಗ್ಧತೆಯ ಕುರುಡೂ ನಮಗೆ ಕಾಣುತ್ತದೆ. ನಾಯಕನನ್ನು ದೂಷಿಸದೆ ಅವನ ಮಿತಿಯನ್ನು ತೋರಿಸುವುದು ಕಷ್ಟದ ಕೆಲಸ. ಈ ಅಭಿನಯದಿಂದ ಅದು ಸಾಧ್ಯವಾಗಿದೆ.

7. ಮೂರನೆಯ ಆಣೆಯ ಅನ್ಯಾಯ

ಕಳ್ಳಮಾಲು, ಬಿದಿರು, ಕಂಪನಿಯ ಹೆಂಗಸು: ಮೂರು ಆಣೆಗಳು ಒಂದೇ ಪಟ್ಟಿಯಲ್ಲಿ ಸೇರುತ್ತವೆ. ಗಾಡಿಕಾರನ ಲೆಕ್ಕದಲ್ಲಿ ಮೂರೂ ತೊಂದರೆ ತಂದ ಹೇರುಗಳು. ಮೊದಲೆರಡು ಆಣೆಗಳು ನಗೆ ತರಿಸುತ್ತವೆ. ಅದೇ ಅಚ್ಚಿನಲ್ಲಿ ಮೂರನೆಯದು ಬಂದಾಗ ಎದೆ ಹಿಂಡುತ್ತದೆ. ಪುನರಾವೃತ್ತಿಯ ಮೂಲಕ ಹಾಸ್ಯವನ್ನು ಕರುಣಕ್ಕೆ ತಿರುಗಿಸುವ ಈ ರಚನೆ ರೇಣು ಅವರ ಕಥನಕೌಶಲದ ಶಿಖರ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿಯ ವಿಪ್ರಲಂಭ ಎಲ್ಲಿಯೂ ವಾಚ್ಯವಾಗುವುದಿಲ್ಲ. ಆಣೆಯ ಮರೆಯಲ್ಲಿ ಧ್ವನಿಯಾಗಿ ಉಳಿಯುತ್ತದೆ. ಒಲಿದಿದ್ದೇನೆ ಎನ್ನಲಾರದವನು ಇನ್ನೆಂದೂ ಇಲ್ಲ ಎನ್ನುತ್ತಾನೆ. ಆ ನಿಷೇಧವೇ ಅವನ ಒಲವಿನ ಏಕೈಕ ನಿವೇದನೆ.

ಆದರೂ ಈ ಆಣೆ ಅನ್ಯಾಯದ್ದು ಎಂಬುದನ್ನು ಮರೆಯಲಾಗದು. ದಾರಿಯಲ್ಲಿ ಅಪ್ಸರೆಯೂ ದೇವಿಯೂ ಗೆಳತಿಯೂ ಆಗಿದ್ದವಳು ಕೊನೆಗೆ ಮತ್ತೆ ‘ಕಂಪನಿಯ ಹೆಂಗಸು’ ಆಗಿಬಿಡುತ್ತಾಳೆ. ಗುಂಪಿನ ಬಾಯಿಂದ ಕೇಳಿ ಅವನು ಕೆರಳಿ ಹೊಡೆದಾಡಿದ್ದ ಅದೇ ಮಾತನ್ನು ನೋವಿನ ಭರದಲ್ಲಿ ಅವನೂ ಬಳಸುತ್ತಾನೆ. ಪೂಜೆಗೆ ಕಟ್ಟಿದ ಎತ್ತರದಿಂದ ಜಾರಿದರೆ ಹೆಣ್ಣು ಬಂದು ಬೀಳುವುದು ಎಲ್ಲಿಗೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಕಿಲ್ಲ. ಇದನ್ನು ಹೇಳುವಾಗ ಹಿರಾಮನ್ನನ ಬಗೆಗಿನ ನಮ್ಮ ಮರುಕ ಕಡಿಮೆಯಾಗಬೇಕಿಲ್ಲ. ಅವನಿಗೆ ದೊರೆತ ಭಾಷೆಯಲ್ಲಿ ಹೆಣ್ಣಿಗೆ ಇದ್ದ ಹೆಸರುಗಳೇ ಅಷ್ಟು. ಹೊಸದೊಂದು ಹೆಸರನ್ನು ಅವಳೇ ಅವನಿಗೆ ಕಲಿಸಿದ್ದಳು. ಅದನ್ನು ಉಳಿಸಿಕೊಳ್ಳುವಷ್ಟು ಕಾಲ ಅವರಿಗೆ ಒದಗಲಿಲ್ಲ.

ರೈಲು ಹೊರಟ ಮೇಲೆ ಎತ್ತುಗಳು ಹಳಿಯ ಕಡೆಗೇ ತಿರುತಿರುಗಿ ನೋಡುತ್ತವೆ. ಹಿರಾಮನ್ ಅವುಗಳನ್ನು ಗದರುತ್ತಾನೆ. ತನ್ನ ಮನಸ್ಸಿಗೆ ಹೇಳಬೇಕಾದ್ದನ್ನು ಅವನು ಎತ್ತುಗಳಿಗೆ ಹೇಳುತ್ತಿದ್ದಾನೆ. ಇದೇ ಪ್ರಯಾಣದ ಆರಂಭದಲ್ಲಿ ಎತ್ತಿಗೆ ಬೀಳಲಿದ್ದ ಪೆಟ್ಟನ್ನು ಅವಳ ದನಿ ತಡೆದಿತ್ತು. ಅವಳು ಅವನಿಗೆ ಮೊದಲು ಪರಿಚಯವಾದದ್ದು ಮುಖವಾಗಿ ಅಲ್ಲ, ಮೂಕಪ್ರಾಣಿಯ ಪರವಾಗಿ ಎದ್ದ ಆ ದನಿಯಾಗಿ ಎಂಬುದನ್ನು ಈ ಕೊನೆಯ ದೃಶ್ಯದಲ್ಲಿ ನೆನೆದರೆ, ಅವನು ಕಳೆದುಕೊಂಡದ್ದು ಏನೆಂದು ತಿಳಿಯುತ್ತದೆ.

8. ಸಮಾರೋಪ

ಚಿತ್ರದ ಅಂತ್ಯವನ್ನು ಸುಖಾಂತವಾಗಿಸುವಂತೆ ಶೈಲೇಂದ್ರ ಅವರ ಮೇಲೆ ಒತ್ತಡವಿತ್ತೆಂದೂ ಅವರು ಅದಕ್ಕೆ ಮಣಿಯಲಿಲ್ಲವೆಂದೂ ಚಿತ್ರವನ್ನು ಕುರಿತು ಬರೆದ ಹಲವರು ಹೇಳಿದ್ದಾರೆ. ಈ ಹಟವನ್ನು ಸಾಹಿತ್ಯನಿಷ್ಠೆ ಎಂದು ಕೊಂಡಾಡುವುದು ರೂಢಿ. ಮೇಲಿನ ಓದಿನ ಬೆಳಕಿನಲ್ಲಿ ಅದಕ್ಕೆ ಇನ್ನೂ ಆಳವಾದ ಅರ್ಥವಿದೆ. ಹಿರಾಮನ್ ಮತ್ತು ಹೀರಾಬಾಯಿಯರನ್ನು ಕೊನೆಯಲ್ಲಿ ಕೂಡಿಸಿದ್ದರೆ ಪೂಜೆಯೇ ಗೆದ್ದಂತಾಗುತ್ತಿತ್ತು. ಹೀರಾಬಾಯಿ ತನ್ನ ರಂಗವನ್ನೂ ನಿಜವನ್ನೂ ಬಿಟ್ಟುಕೊಟ್ಟು ಒಬ್ಬ ಒಳ್ಳೆಯ ಗಂಡಸಿನ ಕನಸಾಗಿ ಉಳಿಯಬೇಕಾಗುತ್ತಿತ್ತು. ದುಃಖಾಂತವೇ ಅವಳಿಗೆ ನ್ಯಾಯ ಒದಗಿಸಿದೆ.

ಹಿಂದಿಯ ಪ್ರೇಮಚಿತ್ರಗಳಲ್ಲಿ ನರ್ತಕಿಯ ಪಾತ್ರಕ್ಕೆ ಬಹುಮಟ್ಟಿಗೆ ಎರಡೇ ದಾರಿಗಳಿರುತ್ತಿದ್ದವು: ನಾಯಕನಿಗಾಗಿ ಸಾಯುವುದು, ಇಲ್ಲವೆ ಮದುವೆಯ ಮೂಲಕ ಶುದ್ಧಳಾಗುವುದು. ಹೀರಾಬಾಯಿ ಎರಡನ್ನೂ ಬಿಟ್ಟು ತನ್ನ ಕೆಲಸಕ್ಕೆ ಮರಳುತ್ತಾಳೆ. ಆ ಮರಳುವಿಕೆಯಲ್ಲಿ ಗೆಲುವಿಲ್ಲ. ಅವಳ ಕಣ್ಣೀರು ನಿಜವಾದುದು. ಆದರೆ ಮುಂದಿನ ಜಾತ್ರೆಯಲ್ಲಿ ಹಲಗೆಯ ಮೇಲೆ ನಿಲ್ಲುವವಳು ತಾನು ಯಾರೆಂದು ಬಲ್ಲ ಹೆಣ್ಣು. ಚಿತ್ರ ಬಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಎತ್ತಿನ ಗಾಡಿಯ ದಾರಿಗಳು ಬದಲಾಗಿವೆ. ರಂಗದ ಮೇಲೆ ದುಡಿಯುವ ಹೆಣ್ಣನ್ನು ಒಂದೋ ಪೂಜಿಸುವ ಇಲ್ಲವೆ ಬೆಲೆಕಟ್ಟುವ ಕಣ್ಣು ಅಷ್ಟಾಗಿ ಬದಲಾಗಿಲ್ಲ. ಮೂರನೆಯದೊಂದು ನೋಟ ಸಾಧ್ಯ, ಅದರ ಹೆಸರು ಗೆಳೆತನ ಎಂದು ಒಂದು ಹೆಣ್ಣಿನ ಬಾಯಿಂದ, ಒಂದು ಧೂಳಿನ ದಾರಿಯಲ್ಲಿ, ಈ ಚಿತ್ರ ಮೆಲ್ಲಗೆ ಹೇಳಿದೆ. ‘ತೀಸ್ರೀ ಕಸಮ್’ ಅನ್ನು ಮತ್ತೆ ಮತ್ತೆ ನೋಡಬೇಕಾದದ್ದು ಆ ಮಾತನ್ನು ಕೇಳಿಸಿಕೊಳ್ಳುವುದಕ್ಕಾಗಿ.